ಬಬಲೇಶ್ವರದ ಬಸ್ಸು ತಂದ ಮಳೆ ಸುದ್ದಿ

ತಿಕೋಟಾದ ನಮ್ಮ ಮನೆಯ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅಷ್ಟೇ. ಬೆಳಕು ಅದರಿಂದಲೇ ಇಳಿಯಬೇಕು, ಒಲೆಯ ಹೊಗೆ ಅದರಿಂದಲೇ ಏರಬೇಕು. ಮಳೆ ಬರುವ ಹಾಗೆ ಕಂಡರೆ ಯಾರಾದರೂ ನಿಚ್ಚಣಿಕೆ ಹತ್ತಿ ಹೋಗಿ ಅದರ ಬಾಯಿಗೆ ಒಂದು ಹಾಸುಗಲ್ಲು ಎಳೆಯಬೇಕಿತ್ತು. ಬೇಗ ಎಳೆದರೆ ಕೆಳಗಿದ್ದ ಹೆಂಗಸರ ಕಣ್ಣು ಮೂಗು ಹೊಗೆಯಲ್ಲಿ ಸುರಿಯುತ್ತಿದ್ದವು. ತಡ ಮಾಡಿದರೆ ಮಳೆಯ ನೀರು ನೇರವಾಗಿ ಸಾರಿನ ಗಡಿಗೆಗೆ ಬೀಳುತ್ತಿತ್ತು. ಹೀಗಾಗಿ ಮಳೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಹೊಲದಿಂದ ಶುರುವಾಗದೆ ಒಲೆಯಿಂದಲೇ ಶುರುವಾಗುತ್ತಿತ್ತು. ಮೇಲೆ ಕಲ್ಲು ಹಿಡಿದು ನಿಂತ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಇನ್ನೂ ಹೊತ್ತಿದೆ ಅನ್ನುತ್ತಿದ್ದ. ಕೆಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಅಜ್ಜಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ನಿನಗೇನು ಗೊತ್ತು ಎಳಿ ಅನ್ನುತ್ತಿದ್ದಳು. ಈ ಜಗಳ ಮುಗಿಯುವುದರೊಳಗೆ ಮಳೆ ಬಂದು ಹೋಗಿರುತ್ತಿತ್ತು, ಇಲ್ಲವೆ ಬಾರದೆ ಹೋಗಿರುತ್ತಿತ್ತು. ಎರಡರಲ್ಲಿ ಯಾವುದಾದರೂ ಇಬ್ಬರೂ ತಾವೇ ಗೆದ್ದೆವೆಂದು ತಿಳಿಯುತ್ತಿದ್ದರು.

ಮಳೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಠ. ಅಜ್ಜ, ನಮ್ಮ ಬಾಯಲ್ಲಿ ಮುತ್ಯಾ, ಪಂಚಾಂಗದವನು. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುವಾಗ ಮಳೆ ನಕ್ಷತ್ರಗಳ ಫಲವನ್ನು ಕಿವಿ ನಿಮಿರಿಸಿ ಕೇಳಿ, ವರ್ಷವಿಡೀ ಅದನ್ನೇ ಜಪ ಮಾಡುತ್ತಿದ್ದ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ, ಅಶ್ವಿನಿ ಸಸ್ಯನಾಶಿನಿ, ಹೀಗೆ ಅವನ ಬಾಯಲ್ಲಿ ನಕ್ಷತ್ರಗಳೆಲ್ಲ ಒಳ್ಳೆಯ ಸೊಸೆ ಕೆಟ್ಟ ಸೊಸೆಯರಂತೆ ಓಡಾಡುತ್ತಿದ್ದವು. ಆಯಿಯದು ಇರುವೆ ಗುಬ್ಬಿಗಳ ಶಾಸ್ತ್ರ. ಇರುವೆ ತತ್ತಿ ಹೊತ್ತು ಗೋಡೆ ಏರಿದರೆ, ಗುಬ್ಬಿ ದೂಳಿನಲ್ಲಿ ಹೊರಳಾಡಿದರೆ, ಉಪ್ಪಿನ ಗಡಿಗೆ ಬೆವರಿದರೆ ಅವಳು ಹೊರಗೆ ಹಾಕಿದ ಶಾವಿಗೆ ಹಪ್ಪಳಗಳನ್ನು ಒಳಗೆ ತರಿಸುತ್ತಿದ್ದಳು. ಇವೆಲ್ಲ ಸುಳ್ಳಾದ ದಿನ ಅವಳ ಮೊಣಕಾಲು ಇದ್ದೇ ಇತ್ತು. ಕಾಕಾ ಇವರಿಬ್ಬರನ್ನೂ ನಂಬುತ್ತಿರಲಿಲ್ಲ. ಅವನು ವಿಜಯಪುರದಲ್ಲಿ ಓದಿ ಬಂದವನು. ಅಪ್ಪನಿಗೆ ಇದಾವುದರ ಗೊಡವೆ ಇರಲಿಲ್ಲ. ಬಂದಾಗ ತಲೆಗೆ ಕಂಬಳಿ ಹೊದ್ದರಾಯಿತು ಎನ್ನುವ ಮನುಷ್ಯ. ಇನ್ನುಳಿದವಳು ಅವ್ವ. ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಕೇಳುವುದಾದರೂ ಹೇಗೆ? ಅವ್ವ ಮುತ್ಯಾನೊಡನೆ ಮಾತಾಡುತ್ತಿರಲಿಲ್ಲ. ಇದು ಸಿಟ್ಟಿನ ಮಾತಲ್ಲ, ಮರ್ಯಾದೆಯ ಮಾತು. ಸೊಸೆಯಾದವಳು ಮಾವನ ಎದುರಿಗೆ ಬಾಯಿ ಬಿಡಬಾರದು, ಮಾವನಾದವನು ಸೊಸೆಯನ್ನು ನೇರವಾಗಿ ಕೂಗಬಾರದು. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡಿಕೊಳ್ಳುವುದೂ ಇರಲಿಲ್ಲ. ಹಾಗಾದರೆ ಸಂಸಾರ ನಡೆಯುವುದು ಹೇಗೆ? ನನ್ನಿಂದ. ನಾನು ಮಾತು ಕಲಿತ ದಿನದಿಂದ ಅವ್ವನಿಗೂ ಮುತ್ಯಾನಿಗೂ ನಡುವೆ ನಾನೇ ಬಾಯಿ. ಅದಕ್ಕೆ ಮುಂಚೆ ಗೋಡೆಗೋ ಬೆಕ್ಕಿಗೋ ಹೇಳುತ್ತಿದ್ದರಂತೆ. ಮುತ್ಯಾ ಪಡಸಾಲೆಯಲ್ಲಿ ಕೂತಿರುತ್ತಿದ್ದ, ಅವ್ವ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿರುತ್ತಿದ್ದಳು, ನಡುವೆ ಕೈ ಚಾಚಿದರೆ ಸಿಗುವಷ್ಟು ಜಾಗ. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ನಾನು ಅದನ್ನು ಇತ್ತಿಂದತ್ತ ಮುಟ್ಟಿಸುವವರೆಗೆ ಇಬ್ಬರೂ ಕಿವುಡರಂತೆ ಕಾಯುತ್ತಿದ್ದರು. ಗಂಗೂ ಇಲ್ಲದಿದ್ದರೆ ಈ ಮನೆಗೆ ಉಪ್ಪೂ ಬಾರದು ಎಂದು ಆಯಿ ನನ್ನನ್ನು ಛೇಡಿಸುತ್ತಿದ್ದಳು. ನನಗೋ ಅದು ಛೇಡನೆ ಅನ್ನಿಸುತ್ತಲೇ ಇರಲಿಲ್ಲ. ಊರ ಗೌಡನಿಗಿಂತ ನಾನೇ ಒಂದು ಕೈ ಮೇಲೆಂದು ತಿಳಿದು ಮೆರೆಯುತ್ತಿದ್ದೆ.

ಆ ಮೆರವಣಿಗೆಗೆ ಒಂದು ವರ್ಷ ಮಾತ್ರ ಭಾರಿ ಕಷ್ಟ ಬಂತು. ಅದು ಜೋಳ ತೊಯ್ದ ವರ್ಷ. ತೆನೆಯೆಲ್ಲ ತುಳಿಸಿ, ತೂರಿ, ಕಣದಲ್ಲಿ ರಾಶಿ ಹಾಕಿ ಇನ್ನೇನು ಪೂಜೆ ಮಾಡಿ ಮನೆಗೆ ತರಬೇಕು ಅನ್ನುವಾಗ ಅಡ್ಡಮಳೆ ಬಂದು ಕೆಡವಿತು. ಆಣೆಕಲ್ಲು ಬಿದ್ದು ಕಣವೆಲ್ಲ ಕೆಸರು ಕಲಸಿದಂತಾಯಿತು. ಎಷ್ಟು ಹರವಿ ಒಣಗಿಸಿದರೂ ಕಾಳು ಕಪ್ಪು ಹಿಡಿಯಿತು, ಕೆಲವು ಮೊಳಕೆ ಒಡೆದವು. ಜೋಳ ಹೋದದ್ದು ಗಂಡಸರಿಗೆ ಒಂದು ದಿನದ ದುಃಖ. ಅವ್ವನಿಗೆ ಅದು ವರ್ಷವಿಡೀ ದಿನಕ್ಕೆರಡು ಸಲದ ದುಃಖ, ಏಕೆಂದರೆ ಆ ಹಿಟ್ಟನ್ನು ರೊಟ್ಟಿ ಮಾಡಬೇಕಾದವಳು ಅವಳು. ತೊಯ್ದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಕುದಿಯುವ ನೀರಿನಲ್ಲಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ, ಹಂಚಿಗೆ ಹಾಕುವಾಗ ನಡುವೆ ಮುರಿಯುತ್ತದೆ, ಬೆಂದ ಮೇಲೂ ಒಂದು ಬಗೆಯ ಕಮಟು. ಮುತ್ಯಾನಿಗೆ ರೊಟ್ಟಿ ಅಂದರೆ ಅದು ಪೂರ್ಣಚಂದ್ರನ ಹಾಗೆ ತಟ್ಟೆಯಲ್ಲಿ ಕೂತಿರಬೇಕು. ಅವನು ಚೂರುಗಳನ್ನು ನೋಡಿ ತಟ್ಟೆ ಸರಿಸಿ ನನ್ನ ಕಡೆ ತಿರುಗುತ್ತಿದ್ದ.

“ನಿಮ್ಮವ್ವಗ ಹೇಳು, ರೊಟ್ಟಿ ತುಂಡ ತುಂಡ ಆಗಾಕತ್ತಾವ.”

“ನಿಮ್ಮ ಮುತ್ಯಾಗ ಹೇಳು, ಹಿಟ್ಟಿನಾಗ ಜಿಗಿನ ಇಲ್ಲ. ನನ್ನ ಕೈ ಏನ ಮಾಡ್ತಾವು?”

ಇಷ್ಟನ್ನು ನಾನು ದಿನಾ ಹೊತ್ತು ತಿರುಗುತ್ತಿದ್ದೆ. ಇಬ್ಬರಿಗೂ ನೋವಾಗದಿರಲೆಂದು ನಡುನಡುವೆ ಸ್ವಂತದ ಬೆಲ್ಲ ಸೇರಿಸುತ್ತಿದ್ದೆ. ರೊಟ್ಟಿ ರುಚಿಯಾಗಿವೆಯಂತೆ, ಆದರೆ ಸ್ವಲ್ಪ ಮುರಿಯುತ್ತವಂತೆ ಅನ್ನುತ್ತಿದ್ದೆ. ಪಡಸಾಲೆಯಲ್ಲಿ ಕೂತ ಮುತ್ಯಾ, ನಾನು ಎಲ್ಲಿ ರುಚಿ ಅಂದೆ ಎಂದು ಗುರ್ ಅನ್ನುತ್ತಿದ್ದ. ಅವ್ವ ಸೆರಗಿನೊಳಗೆ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಅವಳು ಒಲೆಯ ಮುಂದೆ ಮುರಿದ ರೊಟ್ಟಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಇನ್ನೊಂದು ವರ್ಷ ಈ ಹಿಟ್ಟು ಬಡಿಯುವುದು ತನ್ನಿಂದ ಆಗುವುದಿಲ್ಲ ಎಂದಳು. ನನಗೆ ಹೇಳಿದ್ದಲ್ಲ, ಯಾರಿಗೂ ಮುಟ್ಟಿಸೆಂದೂ ಹೇಳಲಿಲ್ಲ.

ಆ ಹಾಳಾದ ರಾಶಿಯ ಮರುವರ್ಷವೇ ಕಾಕಾ ರೇಡಿಯೋ ತರುತ್ತೇನೆಂದು ಹಟ ಹಿಡಿದ. ಇನ್ನು ಮುಂದೆ ಇರುವೆ ಗುಬ್ಬಿ ನಂಬಿ ಕೂರಬೇಕಿಲ್ಲ, ಸರಕಾರವೇ ಮನೆಗೆ ಬಂದು ಮಳೆ ಹೇಳುತ್ತದೆ ಎಂದು ಎಲ್ಲರನ್ನೂ ಒಪ್ಪಿಸಿದ. ನನ್ನನ್ನೂ ಕರೆದುಕೊಂಡು ವಿಜಯಪುರಕ್ಕೆ ಹೋದ. ಆಗ ನಮ್ಮ ಬಾಯಲ್ಲಿ ಅದು ವಿಜಾಪುರ. ಗೋಳಗುಮ್ಮಟದ ಮಗ್ಗಲಿಗೆ, ಟಾಂಗಾಗಳು ನಿಲ್ಲುತ್ತಿದ್ದ ಕಡೆ, ಒಂದು ಇಕ್ಕಟ್ಟಾದ ಅಂಗಡಿ. ಅಂಗಡಿಯವನು ಪೆಟ್ಟಿಗೆಯ ಕಿವಿ ಹಿಂಡಿ ಹಿಂಡಿ ತೋರಿಸಿದ, ಅದು ಒಗ್ಗರಣೆ ಸಿಡಿದ ಹಾಗೆ ಚಟಪಟ ಅಂದಿತು. ಕಾಕಾ ಮಳೆಯ ಸುದ್ದಿ ಬರುತ್ತದೆ ತಾನೇ ಎಂದು ಮೂರು ಮೂರು ಸಲ ಕೇಳಿದ. ಅಂಗಡಿಯವನು ಪ್ರಾಮಾಣಿಕ ಮನುಷ್ಯ. ಸುದ್ದಿ ಬರುತ್ತದೆ, ಮಳೆಯ ಜವಾಬ್ದಾರಿ ತನ್ನದಲ್ಲ ಎಂದ. ತಾವು ಊರಿನವರು ಮಾತ್ರ ಗುಮ್ಮಟ ನೋಡುತ್ತೇವೆ, ಅದು ದೂಳಿನಲ್ಲಿ ಮಸುಕಾಯಿತೆಂದರೆ ಒಣಹಾಕಿದ ಬಟ್ಟೆ ತೆಗೆಯುತ್ತೇವೆ ಎಂದೂ ಹೇಳಿದ. ಈ ಮಾತನ್ನು ಮನೆಗೆ ಬಂದು ಹೇಳಿದಾಗ ಮುತ್ಯಾ, ಅಷ್ಟು ದೊಡ್ಡ ಗುಮ್ಮಟ ಕಾಣದ ಹಾಗಾದ ಮೇಲೆ ತಿಳಿದು ಮಾಡುವುದೇನು ಎಂದು ನಕ್ಕ.

ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ರೇಡಿಯೋ ದೊಡ್ಡದೊಂದು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಮಾಳಿಗೆಯ ಮೇಲೆ ಎರಡು ಗಳ ನೆಟ್ಟು ತಂತಿ ಕಟ್ಟಿದರು. ಸಂಜೆ ಹವಾಮಾನದ ಹೊತ್ತಿಗೆ ಮನೆಯವರೆಲ್ಲ ಪಡಸಾಲೆಯಲ್ಲಿ ಕೂರುತ್ತಿದ್ದೆವು, ಅವ್ವ ಎಂದಿನಂತೆ ಬಾಗಿಲ ಮರೆಯಲ್ಲಿ. ರಾಜ್ಯದ ಉತ್ತರ ಭಾಗದಲ್ಲಿ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ ಎಂದು ಪೆಟ್ಟಿಗೆ ಗಂಭೀರವಾಗಿ ಹೇಳುತ್ತಿತ್ತು. ಕಾಕಾ ಗೆದ್ದವನಂತೆ ಎಲ್ಲರ ಮುಖ ನೋಡುತ್ತಿದ್ದ. ನಾವು ಮರುದಿನ ಮುಗಿಲು ನೋಡುತ್ತಿದ್ದೆವು. ಮುಗಿಲು ತೊಳೆದಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು. ಅಲ್ಲಲ್ಲಿ ಅಂದ ದಿನ ನಮ್ಮಲ್ಲಿ ಬರುತ್ತಿರಲಿಲ್ಲ, ಒಣಹವೆ ಅಂದ ದಿನ ಬೆಳಕಿಂಡಿಯಿಂದ ನೀರು ಸುರಿಯುತ್ತಿತ್ತು. ರೇಡಿಯೋದವರದೇನೂ ತಪ್ಪಲ್ಲ ಎಂದು ಈಗ ತಿಳಿಯುತ್ತದೆ. ಅವರು ಇಡೀ ನಾಡಿಗೆ ಹೇಳುತ್ತಿದ್ದರು, ನಮಗೆ ಬೇಕಾದದ್ದು ನಮ್ಮ ಕಣದ ಸುದ್ದಿ. ಆಯಿ ಮಾತ್ರ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು.

“ಆ ಅಲ್ಲಲ್ಲಿ ಅನ್ನೂ ಊರು ಯಾವ ಮಗ್ಗಲಿಗೈತೋ ಯಪ್ಪಾ? ಇದ್ದಬಿದ್ದ ಮಳಿ ಎಲ್ಲಾ ಅಲ್ಲೇ ಬೀಳತೈತಿ.”

ಈ ಎಲ್ಲ ಗದ್ದಲದ ನಡುವೆ ಅವ್ವ ಸದ್ದಿಲ್ಲದೆ ತನ್ನದೊಂದು ದಾರಿ ಮಾಡಿಕೊಂಡಿದ್ದಳು. ಅವಳ ತವರು ಬಬಲೇಶ್ವರ, ನಮ್ಮೂರಿಗೆ ತೆಂಕಣ ದಿಕ್ಕು. ವಿಜಯಪುರದಿಂದ ಹೊರಟ ಬಸ್ಸೊಂದು ಬಬಲೇಶ್ವರ ಸುತ್ತಿ ಮಧ್ಯಾಹ್ನ ಇಳಿಹೊತ್ತಿಗೆ ತಿಕೋಟಾಕ್ಕೆ ಬರುತ್ತಿತ್ತು. ಬಸ್ಸು ನಿಲ್ಲುವ ಬೇವಿನ ಗಿಡದ ಹತ್ತಿರವೇ ಸೇದುವ ಬಾವಿ. ಅವ್ವ ಆ ಹೊತ್ತಿಗೆ ಸರಿಯಾಗಿ ಕೊಡ ಹಿಡಿದು ಹೋಗುತ್ತಿದ್ದಳು. ತವರಿನವರು ಯಾರಾದರೂ ಇಳಿದರೆ ತಾಯಿ ತಮ್ಮಂದಿರ ಕ್ಷೇಮ ಕೇಳುವ ನೆಪ. ಕ್ಷೇಮದ ಜೊತೆ ಮಳೆಯ ಮಾತೂ ಬರುತ್ತಿತ್ತು. ನಿನ್ನೆ ಬಿತ್ತು, ಈಗ ಗುಡುಗುತ್ತಿತ್ತು, ದೂಳೆದ್ದಿತ್ತು ಅನ್ನುತ್ತಿದ್ದರು. ಕೇಳುತ್ತ ಕೇಳುತ್ತ ಅವ್ವನಿಗೆ ಒಂದು ಸಂಗತಿ ತಿಳಿಯಿತು. ಬೇಸಿಗೆಯ ಅಡ್ಡಮಳೆ ಬಬಲೇಶ್ವರದಲ್ಲಿ ಮಧ್ಯಾಹ್ನ ಬಿದ್ದರೆ ಬಹುತೇಕ ಅದೇ ಸಂಜೆ ನಮ್ಮೂರಿಗೂ ಬರುತ್ತಿತ್ತು. ಯಾವಾಗಲೂ ಅಲ್ಲ, ಬಹಳ ಸಲ. ಆಮೇಲಾಮೇಲೆ ಅವಳು ಮನುಷ್ಯರನ್ನು ಕೇಳುವ ಮೊದಲು ಬಸ್ಸನ್ನೇ ನೋಡುತ್ತಿದ್ದಳು, ಗಾಲಿಗೆ ಕೆಸರಿದೆಯೋ ದೂಳಿದೆಯೋ, ಮೇಲೆ ಕಟ್ಟಿದ ಗಂಟುಗಳು ಒದ್ದೆಯೋ ಒಣವೋ ಎಂದು. ನೀರು ಹೊತ್ತು ಮನೆಗೆ ಬರುವಾಗ ನನಗೆ ಒಮ್ಮೆ ಹೇಳಿದಳು.

“ಮುಗಲ ನೋಡಿದವರನ್ನ ಏನ ಕೇಳೂದು. ತೊಯ್ಸಿಕೊಂಡ ಬಂದವರನ್ನ ಕೇಳಬೇಕು.”

ಮನೆಗೆ ಬಂದು ಅವಳು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಶಾವಿಗೆ ಒಳಗಿಡುತ್ತಿದ್ದಳು, ಸೌದೆ ಕುಳ್ಳು ಒಳಗಿಡುತ್ತಿದ್ದಳು. ಸಂಜೆ ಮಳೆ ಬಂದಾಗ ಆಯಿ, ನೋಡಿದಿರಾ ಬೆಳಗ್ಗೆಯೇ ನನ್ನ ಮೊಣಕಾಲು ಹೇಳಿತ್ತು ಎಂದು ಹೆಮ್ಮೆಪಡುತ್ತಿದ್ದಳು. ಅವ್ವ ಹೌದೆನ್ನುತ್ತಿದ್ದಳು. ಅವಳ ಈ ಸುಮ್ಮನಿರುವಿಕೆ ಆಗ ನನಗೆ ಪೆದ್ದುತನವೆನಿಸುತ್ತಿತ್ತು. ನನಗೆ ಏನು ಗೊತ್ತಾದರೂ ಊರಿಗೆ ಡಂಗುರ ಸಾರಿದ ಹೊರತು ಅನ್ನ ಇಳಿಯುತ್ತಿರಲಿಲ್ಲ.

ಇನ್ನು ಕಣದ ಮಾತು ಹೇಳಬೇಕು. ನಮ್ಮ ಕಣ ಊರಂಚಿಗೆ, ಬಬಲೇಶ್ವರದ ದಾರಿಯ ಪಕ್ಕದಲ್ಲೇ ಇತ್ತು. ರಾಶಿಯ ಕಾಲದಲ್ಲಿ ಅದು ಗುಡಿಗಿಂತ ಹೆಚ್ಚು. ಚಪ್ಪಲಿ ಹಾಕಿ ಹೋಗುವಂತಿಲ್ಲ, ಕೈಬೀಸಿ ಜೋರಾಗಿ ನಗುವಂತಿಲ್ಲ, ತೀರಿತು ಮುಗಿಯಿತು ಅನ್ನುವಂತಿಲ್ಲ. ಜೋಳ ಅಳೆಯುವಾಗ ಮೊದಲನೆಯ ಬುಟ್ಟಿಗೆ ಒಂದು ಅನ್ನದೆ ಲಾಭ ಅನ್ನಬೇಕು. ರಾಶಿಗೆ ಪೂಜೆಯಾಗುವವರೆಗೆ ಹೆಂಗಸರು ಅಂಚಿನಲ್ಲಿ ಬುತ್ತಿ ಇಳಿಸಿ ಹಿಂದಿರುಗಬೇಕು. ಎಲ್ಲಕ್ಕಿಂತ ಗಟ್ಟಿ ಕಟ್ಟಳೆ ಒಂದಿತ್ತು. ಕಣದಲ್ಲಿ ನಿಂತು ಮಳೆಯ ಹೆಸರು ಎತ್ತಬಾರದು. ಹೆಸರು ಹಿಡಿದು ಕರೆದರೆ ನೆಂಟರು ಬಂದ ಹಾಗೆ ಬಂದೇ ಬಿಡುತ್ತದೆ ಎಂದು ಮುತ್ಯಾ ನಮಗೆ ಹಾಲು ಕುಡಿಯುವಾಗಿನಿಂದಲೇ ಕಲಿಸಿದ್ದ. ತೊಯ್ದ ವರ್ಷ ಕೂಲಿಯವನೊಬ್ಬ ಬಾಯಿ ಜಾರಿ ಆ ಹೆಸರು ಹೇಳಿದ್ದನಂತೆ, ಅದಕ್ಕೇ ಬಂತಂತೆ. ಅದನ್ನು ಮುತ್ಯಾ ಎಷ್ಟು ಸಲ ಹೇಳಿದ್ದನೆಂದರೆ, ಮನೆಯಲ್ಲಿ ಕೂಡ ಆ ಪದ ಆಡುವಾಗ ನಾನು ಕಣದ ದಿಕ್ಕಿಗೆ ಬೆನ್ನು ತಿರುಗಿಸುತ್ತಿದ್ದೆ.

ರೇಡಿಯೋ ಬಂದ ವರ್ಷದ ಸುಗ್ಗಿ. ಜೋಳ ಚೆನ್ನಾಗಿ ಬಂದಿತ್ತು, ಮುತ್ತಿನಂಥ ಕಾಳು. ತುಳಿಸಿದ್ದಾಗಿತ್ತು, ತೂರುವುದಷ್ಟೇ ಬಾಕಿ. ತೂರಬೇಕಾದರೆ ಗಾಳಿ ಬೇಕು, ಗಾಳಿ ಎಷ್ಟೋ ದಿನದಿಂದ ಬಿದ್ದುಹೋಗಿತ್ತು. ಅಪ್ಪ ಎತ್ತರದ ಮಂಚದ ಮೇಲೆ ಮೊರ ಹಿಡಿದು ನಿಲ್ಲುತ್ತಿದ್ದ, ಸುರಿದ ಕಾಳೂ ಹೊಟ್ಟೂ ಒಂದೇ ಕಡೆ ಬೀಳುತ್ತಿದ್ದವು, ಮತ್ತೆ ಇಳಿಯುತ್ತಿದ್ದ. ಅರ್ಧ ರಾಶಿ ತೂರಿದ್ದು, ಅರ್ಧ ಹಾಗೇ ಇತ್ತು. ಮುತ್ಯಾ ದಿನವಿಡೀ ಚಿಟಿಕೆ ದೂಳು ಹಾರಿಸಿ ನೋಡುತ್ತ ವಾಯುದೇವರನ್ನು ಬೇಡಿಕೊಳ್ಳುತ್ತಿದ್ದ. ಆ ಮಧ್ಯಾಹ್ನ ಒಮ್ಮೆಲೇ ಗಾಳಿ ಎದ್ದಿತು. ಎಂಥ ಗಾಳಿ! ಕಾಳು ನೆಟ್ಟಗೆ ಕೆಳಗೆ, ಹೊಟ್ಟು ಅತ್ತ ದೂರಕ್ಕೆ. ಬುತ್ತಿ ಕೊಟ್ಟು ಬಾವಿಗೆ ಹೊರಟ ಅವ್ವನ ಜೊತೆ ನಾನೂ ಹೊರಟಾಗ, ಕಣದಲ್ಲಿ ಎಲ್ಲರ ಮುಖದಲ್ಲೂ ಹಬ್ಬದ ಕಳೆ ಇತ್ತು.

ಬಸ್ಸು ತಡವಾಗಿ ಬಂತು. ಅದನ್ನು ನೋಡಿದ ಕೂಡಲೇ ಅವ್ವ ಕೊಡ ಕೆಳಗಿಟ್ಟಳು. ಗಾಲಿಗಳು ಕೆಸರಿನಲ್ಲಿ ಅದ್ದಿದ ಹಾಗಿದ್ದವು, ಡ್ರೈವರನ ಮುಂದಿನ ಗಾಜು ಸೀಳಿತ್ತು, ಬಸ್ಸಿನ ಮೇಲಿನ ಗಂಟುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವ್ವನ ತವರಿನ ಓಣಿಯ ಮುದುಕಿಯೊಬ್ಬಳು ನಡುಗುತ್ತ ಇಳಿದಳು. ಬಸ್ಸು ಹತ್ತುವ ಮೊದಲು ಮಳೆಗೆ ಸಿಕ್ಕಿಬಿದ್ದಿದ್ದಳು, ಆಣೆಕಲ್ಲು ಬಿದ್ದು ಅವಳ ಮುಂಗೈ ಬಾತುಕೊಂಡಿತ್ತು. ಎಷ್ಟು ಹೊತ್ತಿಗೆ ಬಿತ್ತು, ಮೋಡ ಎತ್ತ ಹೊರಟಿತ್ತು ಎಂದು ಅವ್ವ ಕೇಳಿದಳು. ನಿಮ್ಮ ಕಡೆಗೇ ಮುಖ ಮಾಡಿತ್ತು ಎಂದಳು ಮುದುಕಿ. ಅವ್ವ ತನ್ನ ಒಣ ಟವೆಲ್ಲನ್ನು ಅವಳ ಹೆಗಲಿಗೆ ಹಾಕಿ, ಅವಳ ತೊಯ್ದ ಚಾದರ ಇಸಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಓಡಿದಳು. ಮದುವೆಯಾಗಿ ಮಕ್ಕಳ ತಾಯಿಯಾದ ಹೆಂಗಸು ನಮ್ಮೂರ ಬೀದಿಯಲ್ಲಿ ಓಡುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಕಣದಲ್ಲಿ ಗಾಳಿ ಇನ್ನೂ ಚೆನ್ನಾಗಿ ಬೀಸುತ್ತಿತ್ತು. ತೆಂಕಣ ದಿಕ್ಕಿನಲ್ಲಿ ಬಿಳಿ ಬಿಸಿಲು, ಸ್ವಲ್ಪ ದೂಳು, ಬೇರೇನೂ ಇಲ್ಲ. ಅಪ್ಪ ಮಂಚದ ಮೇಲೆ ನಿಂತು ಸುರಿಯುತ್ತಿದ್ದ, ಕಾಕಾ ಕೆಳಗಿನಿಂದ ತುಂಬಿಕೊಡುತ್ತಿದ್ದ, ಇಬ್ಬರು ಆಳುಗಳು ರಾಶಿ ಕೂಡಿಸುತ್ತಿದ್ದರು. ಮುತ್ಯಾ ಕಸಬರಿಗೆಯಿಂದ ಮೇಲಿನ ಹೊಟ್ಟು ಸರಿಸುತ್ತಿದ್ದ. ಆಯಿಯೂ ಅಂಚಿನಲ್ಲಿ ಕೂತು ಕಣ್ಣು ತಂಪು ಮಾಡಿಕೊಳ್ಳುತ್ತಿದ್ದಳು. ಅವ್ವ ಅಂಚಿನಲ್ಲಿ ನಿಂತು ಏದುಸಿರು ಬಿಡುತ್ತ ತೊಯ್ದ ಚಾದರ ಮುಂದೆ ಹಿಡಿದಳು. ಮುತ್ಯಾ ಅದನ್ನು ನೋಡಿದ, ನನ್ನನ್ನು ನೋಡಿದ, ನಿಮ್ಮವ್ವ ಏನಂತಾಳೆ ಎಂದು ಕೇಳಿದ. ಆ ಹೆಸರು ಹೇಳಿದರೆ ಬರುತ್ತದೆ, ಹೇಳದಿದ್ದರೆ ತಿಳಿಯುವುದಿಲ್ಲ. ಬಸ್ಸು ತೊಯ್ದು ಬಂದಿದೆ ಎಂದಷ್ಟೇ ಹೇಳಿದೆ. ತೊಯ್ಯಲಿ ಬಿಡು, ಬಸ್ಸೇನು ಹಿಟ್ಟಿನದೇ ಎಂದು ಆಳೊಬ್ಬ ನಕ್ಕ. ಮುತ್ಯಾ ಕತ್ತೆತ್ತಿ ಮುಗಿಲು ನೋಡಿ ಮತ್ತೆ ಕಸಬರಿಗೆ ಆಡಿಸತೊಡಗಿದ. ಅಪ್ಪ ಮೇಲಿನಿಂದ ಅವ್ವನನ್ನೇ ನೋಡುತ್ತಿದ್ದ. ಅವನಿಗೆ ತಿಳಿಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಹಿರಿಯರ ಮುಂದೆ ಅವನಾದರೂ ಹೆಂಡತಿಯನ್ನು ಏನೆಂದು ಕೇಳಬೇಕು? ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದಳು. ನನಗೆ ಆಗಲಿಲ್ಲ. ಆಗ ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಣದೊಳಗೆ ಕಾಲಿಟ್ಟಳು.

“ಮಾವಾರ, ಮಳಿ ಬರಾಕತ್ತೈತಿ. ಬಬಲೇಶ್ವರದಾಗ ಆಣಿಕಲ್ಲ ಬಿದ್ದಾವು. ರಾಶಿ ಮುಚ್ಚಸ್ರಿ.”

ಅಪ್ಪನ ಕೈಯ ಮೊರ ನಿಂತಿತು. ಆಯಿ ಎದೆಗೆ ಕೈಯಿಟ್ಟುಕೊಂಡಳು. ಮುತ್ಯಾನಿಗೆ ಅವ್ವನ ದನಿ ಇಷ್ಟು ನೇರವಾಗಿ ಕೇಳಿದ್ದು ಅದೇ ಮೊದಲು, ಮೊದಲ ಮಾತೇ ಆಡಬಾರದ ಮಾತು. ಕಾಕಾ ಅತ್ತಿಗೆಯ ಕಡೆ ತಿರುಗಿ ಮೆಲ್ಲಗೆ, ವೈನಿ, ನಿನ್ನೆ ರೇಡಿಯೋದಲ್ಲಿ ಒಣಹವೆ ಎಂದು ಹೇಳಿದ್ದಾರಲ್ಲ ಎಂದ. ಮುತ್ಯಾ ಅವನ ಕಡೆ ತಿರುಗಿ, ರೇಡಿಯೋದವರು ಬಬಲೇಶ್ವರದಲ್ಲಿದ್ದರೇನು ಎಂದು ಕೇಳಿದ. ಆಮೇಲೆ ಅವನು ತಲೆಯ ರುಮಾಲು ಬಿಚ್ಚಿದ. ಬರಿ ತಲೆಯಲ್ಲಿ ಅವನನ್ನು ಕಣದಲ್ಲಿ ಯಾರೂ ನೋಡಿರಲಿಲ್ಲ. ಆ ಉದ್ದನೆಯ ಬಟ್ಟೆಯನ್ನು ಬಿಡಿಸಿ ರಾಶಿಯ ನೆತ್ತಿಯ ಮೇಲೆ ಹರವಿದ. ಅಷ್ಟು ಸಾಕಾಯಿತು. ಅಪ್ಪ ಮಂಚದಿಂದ ಹಾರಿದ. ತಾಡಪತ್ರಿ, ಗೋಣಿಚೀಲ, ಜಮಖಾನೆ, ಕಂಬಳಿ, ಕಡೆಗೆ ಎತ್ತಿನ ಮೈಮೇಲಿನ ಜೂಲು ಕೂಡ ರಾಶಿ ಸೇರಿತು. ಆಳುಗಳು ಸುತ್ತ ಗುದ್ದಲಿಯಿಂದ ಕಾಲುವೆ ತೋಡಿದರು. ಅಂಚಿಗೆ ಕಲ್ಲು ಹೇರಲು ನಾವು ಹೆಂಗಸರೂ ಕಣದ ನಡುವೆಯೇ ಓಡಾಡಿದೆವು, ಯಾರೂ ಬೇಡವೆನ್ನಲಿಲ್ಲ.

ಮುಚ್ಚಿ ಮುಗಿಯುವಾಗ ತೆಂಕಣ ಕಪ್ಪಾಗಿತ್ತು. ಕೆಂಪು ದೂಳಿನ ಗೋಡೆಯೊಂದು ಎದ್ದು ಬಂತು, ಹಗಲಲ್ಲೇ ಮಬ್ಬು ಕವಿಯಿತು, ಸಿಡಿಲು ಎಲ್ಲೋ ಹತ್ತಿರ ಬಿದ್ದು ಎತ್ತುಗಳು ಹಗ್ಗ ಜಗ್ಗಿದವು. ನಾವೆಲ್ಲ ಬಣವೆಯ ಮರೆಗೆ ಒತ್ತಿಕೊಂಡು ಕೂತೆವು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ದಪ್ಪ ದಪ್ಪ ಹನಿ ಕೆಲವು ಬಿದ್ದವು, ತಾಡಪತ್ರಿಯ ಮೇಲೆ ತಪ್ ತಪ್ ಅಂದವು. ಇನ್ನೇನು ಸುರಿಯಿತು ಎಂದು ಕಾದೆವು. ಆದರೆ ಗಾಳಿ ದಿಕ್ಕು ಬದಲಿಸಿತು. ಮೋಡ ನಮ್ಮ ತಲೆಯ ಮೇಲಿನಿಂದ ಓರೆಯಾಗಿ ಸರಿದು ಅರಕೇರಿಯ ಕಡೆ ಹೊರಟುಹೋಯಿತು. ಗುಡುಗು ದೂರದೂರವಾಯಿತು. ಸ್ವಲ್ಪ ಹೊತ್ತಿನಲ್ಲಿ ಬಿಸಿಲು ಬಂತು. ನೆಲ ಕೂಡ ತೊಯ್ದಿರಲಿಲ್ಲ, ಹನಿ ಬಿದ್ದ ಗುರುತು ಮಾತ್ರ ಸಿಡುಬಿನ ಕಲೆಯ ಹಾಗೆ ಅಲ್ಲಲ್ಲಿ ಉಳಿದಿತ್ತು. ಮತ್ತು ಗಾಳಿ ಪೂರ್ತಿ ಸತ್ತುಹೋಗಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಎಲ್ಲರೂ ಬಣವೆಯ ಮರೆಯಿಂದ ಎದ್ದು ಬಂದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕಾಯ್ದು ಕಾಯ್ದು ಸಿಕ್ಕ ಗಾಳಿ ಹೋಗಿತ್ತು, ತೂರದ ಅರ್ಧ ಹಾಗೇ ಉಳಿದಿತ್ತು. ಆಯಿಗೆ ಮಾತ್ರ ತಡೆಯಲಾಗಲಿಲ್ಲ. ಕಣದಲ್ಲಿ ನಿಂತು ಅದರ ಹೆಸರು ಹಿಡಿದಳು, ಮಾವನ ಎದುರು ಬಾಯಿ ಬಿಟ್ಟಳು, ಬಂದ ವಾಯುದೇವರನ್ನೂ ಓಡಿಸಿದಳು ಎಂದು ಒಂದೊಂದೇ ಎಣಿಸಿ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅವ್ವ ತಲೆ ತಗ್ಗಿಸಿ ನಿಂತಿದ್ದಳು. ಸೆರಗಿನ ಕೆಳಗೆ ಅವಳ ಗದ್ದದಿಂದ ನೀರು ಇಳಿಯುತ್ತಿತ್ತು. ನಾನು ಅವಳ ಸೀರೆ ಹಿಡಿದುಕೊಂಡೆ. ಈ ಮನೆಯಲ್ಲಿ ಇನ್ನು ಅವ್ವನ ಮಾತನ್ನು ನನ್ನ ಬಾಯಿಂದಲೂ ಯಾರೂ ಕೇಳುವುದಿಲ್ಲವೆಂದು ನನಗೆ ಭಾರಿ ಭಯವಾಯಿತು. ಅವಳು ತೊಯ್ದ ಚಾದರ ಎತ್ತಿಕೊಂಡು ಹೊರಟಳು.

ಮುತ್ಯಾ ಬಗ್ಗಿ ತಾಡಪತ್ರಿಯ ಒಂದು ಮೂಲೆ ಎತ್ತಿ, ಒಳಗೆ ಕೈಹಾಕಿ ಒಂದು ಹಿಡಿ ಜೋಳ ತೆಗೆದ. ಒಂದು ಕಾಳನ್ನು ಹಲ್ಲಿಗೆ ಹಾಕಿ ಕಟ್ಟೆಂದು ಕಡಿದ. ಉಳಿದದ್ದನ್ನು ಮತ್ತೆ ರಾಶಿಗೇ ಸುರಿದು ಮೂಲೆ ಮುಚ್ಚಿ ಕಲ್ಲಿಟ್ಟ. ಆಮೇಲೆ ನನ್ನ ಕಡೆ ನೋಡದೆ, ಕಣದ ಅಂಚು ದಾಟುತ್ತಿದ್ದ ಅವ್ವನನ್ನು ಕರೆದ.

“ಯವ್ವಾ, ನಾಳೆ ಬಸ್ಸ ಬಂದ ಕೂಡ್ಲೆ ಬಂದು ಹೇಳು. ಹುಡುಗೀನ ಕಳಸಬ್ಯಾಡ. ನೀನ ಬಾ.”

ಅವ್ವ ನಿಂತಳು. ತಿರುಗಲಿಲ್ಲ. ಹಾಗೇ ನಿಂತು ಕೇಳಿದಳು.

“ನಾಳೆನೂ ಹಿಂಗ ಸುಳ್ಳ ಆದ್ರರಿ, ಮಾವಾರ?”

“ಆಗ್ಲಿ,” ಎಂದ ಮುತ್ಯಾ. “ಮತ್ತ ಮುಚ್ಚೂಣು.”